ಉಸ್ತಾದರು ಉದ್ದ ಮಾಡಿದ ಕಾರು

ಶಿರಾ ಕಡೆಯ ಬಸ್ಸಿನ ಡ್ರೈವರು ಕೆಮ್ಮಿಗೆ ಔಷಧ ಬರೆಸಿಕೊಳ್ಳಲು ಬಂದಿದ್ದ. ಎದೆ ಪರೀಕ್ಷೆ ಮಾಡಿಸಿಕೊಂಡು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಉಸ್ತಾದ್ರು ಹೋಗ್ಬುಟ್ರಲ್ಲ ಸ್ವಾಮಿ, ಹೋದ ಶುಕ್ರವಾರ" ಎಂದ. ಚೀಟಿ ಬರೆಯುತ್ತಿದ್ದ ನನ್ನ ಕೈ ನಿಂತಿತು. ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು. ಹೆಚ್ಚು ಕಡಿಮೆ ಯಾವ ಕೆಲಸವನ್ನೂ ಹೇಳಿದ ದಿನಕ್ಕೆ ಮುಗಿಸದ ಮನುಷ್ಯ ಇದೊಂದನ್ನು ಮಾತ್ರ ಯಾರಿಗೂ ಹೇಳದೆ, ಎರಡು ದಿನದ ಜ್ವರದಲ್ಲಿ ಮುಗಿಸಿಬಿಟ್ಟಿದ್ದರು. ಮೂವತ್ತು ಮೈಲಿಯೊಳಗೆ ವೈದ್ಯನೊಬ್ಬ ಇದ್ದಾನೆ, ಅವನಿಗೆ ಹೇಳಿ ಕಳಿಸೋಣ ಎಂದು ಅವರಿಗೆ ಅನ್ನಿಸಲಿಲ್ಲ. ಅನ್ನಿಸಿರಲಾರದು. ಇನ್ನೊಬ್ಬರ ಗಾಡಿಯಲ್ಲಿ ಸಣ್ಣ ಸದ್ದು ಬಂದರೆ ನಿದ್ದೆ ಬಿಡುತ್ತಿದ್ದ ಅವರು ತಮ್ಮ ಮೈಯ ಸದ್ದನ್ನು ಎಂದೂ ಕಿವಿಗೆ ಹಾಕಿಕೊಂಡವರಲ್ಲ.

ಅವರಿಗೂ ಒಂದು ಹೆಸರಿತ್ತು. ಶಿರಾದಲ್ಲಿ ಯಾರೂ ಅದನ್ನು ಬಳಸುತ್ತಿರಲಿಲ್ಲ. ಜಟಕಾದವರಿಗೆ, ಬಸ್ಸಿನವರಿಗೆ, ಅಮಲ್ದಾರರಿಗೆ ಕೂಡ ಅವರು ಉಸ್ತಾದರು. ನನಗೂ ಅಷ್ಟೆ.

ನಮ್ಮಿಬ್ಬರನ್ನು ಗಂಟು ಹಾಕಿದ್ದು ಒಂದು ಕಾರು. ಅದರಲ್ಲಿ ಮೊದಲ ತಪ್ಪು ನನ್ನದೇ. ಮಧುಗಿರಿಯಲ್ಲಿ ನಾನು ಸ್ವಂತ ವೈದ್ಯಕೀಯ ಶುರುಮಾಡಿ ಕೆಲವು ವರ್ಷಗಳಾಗಿದ್ದವು. ಬೆಂಗಳೂರು ದಂಡಿನಲ್ಲಿದ್ದ ಒಬ್ಬ ಬಿಳಿಯ ಇಂಜಿನಿಯರು ತನ್ನ ದೇಶಕ್ಕೆ ಹೊರಟಿದ್ದ. ಅವನ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ನೋಡಿ ನನ್ನ ಬುದ್ಧಿ ಕೆಟ್ಟಿತು. ಉದ್ದನೆಯ ಮೂತಿ, ತಂತಿಯ ಚಕ್ರಗಳು, ಹಿಂದೆ ಮೀನಿನಂತೆ ಚೂಪಾದ ಬಾಲ. ಕೂತವನು ಕೈ ಚಾಚಿದರೆ ನೆಲ ಸಿಗುತ್ತಿತ್ತು. ಬೆಂಗಳೂರಿನ ಟಾರು ರಸ್ತೆಯಲ್ಲಿ ಅದು ಹಕ್ಕಿಯಂತೆ ಓಡಿತು. ಪಾವಗಡದ ದಾರಿಯಲ್ಲಿ, ಎತ್ತಿನ ಗಾಡಿಗಳು ಕೊರೆದ ಎರಡು ಜಾಡುಗಳ ನಡುವಿನ ದಿಣ್ಣೆಗೆ ಹೊಟ್ಟೆ ಉಜ್ಜಿಕೊಂಡು ಕೂತುಬಿಟ್ಟಿತು. ಒಂದೇ ಮಳೆಗಾಲದಲ್ಲಿ ಎಂಜಿನ್ನಿನ ಎಣ್ಣೆಯ ತೊಟ್ಟಿ ಮೂರು ಸಲ ಕಲ್ಲಿಗೆ ಬಡಿದು ಒಡೆಯಿತು. ನನ್ನ ಹೆಂಡತಿ ಒಮ್ಮೆ ಮಾತ್ರ ಅದರಲ್ಲಿ ಕೊರಟಗೆರೆಯವರೆಗೆ ಬಂದು, "ನೆಲದ ಮೇಲೆ ಎಳ್ಕೊಂಡು ಹೋದಂಗಾಯ್ತು" ಎಂದಳು. ಬರುವಾಗ ಬಸ್ಸಿನಲ್ಲಿ ಬಂದಳು.

ಆದರೆ ನನಗೆ ನಿಜವಾಗಿ ಬೇಕಾಗಿದ್ದುದು ಬೇರೆ. ನಮ್ಮ ಸೀಮೆಯಲ್ಲಿ ಹೆರಿಗೆ ಕಷ್ಟವಾದ ಹೆಂಗಸರನ್ನು ಹತ್ತು ಹದಿನೈದು ಮೈಲಿಯಿಂದ ಎತ್ತಿನ ಗಾಡಿಯಲ್ಲಿ ತರುತ್ತಿದ್ದರು. ಬರುವಷ್ಟರಲ್ಲಿ ಮುಕ್ಕಾಲು ಜೀವ ಹೋಗಿರುತ್ತಿತ್ತು. ಈ ಕಾರಿನ ಎಂಜಿನ್ನಿಗೆ ಬೇಕಾದಷ್ಟು ಕಸುವಿದೆ. ಮೈಯನ್ನು ಎತ್ತರಿಸಿ, ಉದ್ದ ಮಾಡಿ, ಒಬ್ಬರು ಮಲಗಿಕೊಂಡು ಬರುವಂತೆ ಮಾಡಿಸಿದರೆ ಹೇಗೆ ಎಂದು ಹೊಳೆಯಿತು. ಬಸ್ಸು ಓಡಿಸುವ ಸಾಹುಕಾರರೊಬ್ಬರನ್ನು ಕೇಳಿದೆ. "ಅಂಥ ಕೆಲ್ಸ ಈ ನಾಕು ತಾಲ್ಲೂಕಲ್ಲಿ ಶಿರಾ ಉಸ್ತಾದ್ ಒಬ್ರೇ ಮಾಡೋದು. ಆದ್ರೆ..." ಎಂದು ಹೇಳಿ ಸುಮ್ಮನೆ ನಕ್ಕರು. ಆ 'ಆದ್ರೆ'ಯ ಮುಂದೇನು ಎಂದು ನಾನು ಅಂದೇ ಕೇಳಬೇಕಾಗಿತ್ತು.

ಉಸ್ತಾದರ ಮನೆತನ ಜಟಕಾ ಕಟ್ಟುವವರದು. ಬಸ್ಸುಗಳು ಬಂದ ಮೇಲೆ ಇವರು ಬೆಂಗಳೂರಿಗೆ ಹೋಗಿ ಕೆಲವು ವರ್ಷ ಮೋಟಾರಿನ ಮೈ ಕಟ್ಟುವ ಕೆಲಸ ಕಲಿತು, ಊರಿಗೆ ಬಂದು ಕೋಟೆಯ ಹತ್ತಿರ ಒಂದು ಹೆಂಚಿನ ಚಪ್ಪರ ಹಾಕಿದ್ದರು. ಸಣಕಲು ಮೈ, ಒಪ್ಪವಾಗಿ ಕತ್ತರಿಸಿದ ಬಿಳಿ ಗಡ್ಡ, ಕಿವಿಯ ಮೇಲೆ ಯಾವಾಗಲೂ ಒಂದು ತುಂಡು ಸೀಮೆಸುಣ್ಣ. ಯಾವ ವಸ್ತು ಕೈಗೆ ಸಿಕ್ಕಿದರೂ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ ನೋಡುವುದು ಅವರ ಅಭ್ಯಾಸ. ಚಹದ ಲೋಟ, ಬಾಗಿಲು, ಬೇರೆಯವರ ಗಾಡಿಯ ಚಕ್ರ, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ದಿನ ನಾನು ಅವರ ಹೆಂಡತಿಯ ಬೆನ್ನನ್ನು ಬೆರಳಿನಿಂದ ತಟ್ಟಿ ಕಫ ಎಲ್ಲಿದೆ ಎಂದು ನೋಡಿದ್ದನ್ನು ಕಂಡು ಅವರಿಗೆ ಪರಮಾನಂದವಾಯಿತು. "ಟೊಳ್ಳು ಗಟ್ಟಿ ನೋಡ್ತೀರಾ? ನಾನೂ ಅದೇ ನೋಡೋದು ಡಾಕ್ಟರ್ ಸಾಬ್" ಎಂದರು. ಅಂದಿನಿಂದ ನನ್ನನ್ನು ತಮ್ಮ ಕಸುಬಿನವನೆಂದೇ ಎಣಿಸಿದರು. ಅದರಿಂದ ನನಗೆ ತೊಂದರೆಯೇ ಹೆಚ್ಚಾಯಿತು. ಗಿರಾಕಿಯಾದರೆ ಬೈದು ಹೋಗಬಹುದು. ಕಸುಬಿನವನು ಕೂತು ಕೇಳಬೇಕು.

ಮೊದಲ ದಿನ ಅವರು ಕಾರಿನ ಸುತ್ತ ಮೂರು ಸುತ್ತು ಬಂದು, ಚಾಪೆ ಹಾಸಿ ಅದರ ಕೆಳಗೆ ಮಲಗಿದವರು ಅರ್ಧ ಗಂಟೆ ಏಳಲಿಲ್ಲ. ಎದ್ದು ಬಂದು, "ಇದನ್ನ ಮಾಡ್ದೋನು ಒಳ್ಳೆ ಕೆಲ್ಸಗಾರ. ಕೊಯ್ಯಕ್ಕೆ ಮನಸ್ಸು ಬರಲ್ಲ" ಎಂದರು.

"ಕೊಯ್ಯದೆ ಉದ್ದ ಆಗೋದು ಹೇಗೆ ಉಸ್ತಾದ್ರೆ?"

"ಅದೇ ನೋಡ್ತಾ ಇದೀನಿ. ಸಬೂರ್ ಮಾಡಿ."

ಸಬೂರ್ ಎಂದರೆ ತಾಳ್ಮೆ. ಆ ಮಾತನ್ನು ಆ ವರ್ಷ ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಯುಗಾದಿಗೆ ಕೊಡುತ್ತೇನೆಂದರು. ಯುಗಾದಿಗೆ ನಾನು ಹೋದಾಗ, ಕಾರಿನ ಅಡಿಯ ಉಕ್ಕಿನ ಪಂಜರವನ್ನು, ಮೋಟಾರಿನವರು ಚಾಸಿ ಎನ್ನುವುದನ್ನು, ಚಪ್ಪರದ ನೆಲದ ತುಂಬ ಸೀಮೆಸುಣ್ಣದಲ್ಲಿ ಅಷ್ಟೇ ಅಳತೆಗೆ ಬರೆದು, ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಕಾರಿಗೆ ಇನ್ನೂ ಕೈ ಹಚ್ಚಿರಲಿಲ್ಲ. ಗೆರೆಯ ಮೇಲೆ ಕಾಲಿಟ್ಟೆನೆಂದು ನನ್ನನ್ನೇ ಗದರಿದರು.

ಕೊನೆಗೊಂದು ದಿನ ಗರಗಸ ಹಿಡಿದರು. ಆ ದಿನ ಬೇಕೆಂದೇ ಹೋಗಿದ್ದೆ. ಎರಡು ಉಕ್ಕಿನ ದೂಲಗಳನ್ನು ನಡುಮಧ್ಯದಲ್ಲಿ ಕೊಯ್ದರು. ಕಾರು ಎರಡು ತುಂಡಾಗಿ ಕೂತಿತು. "ಮತ್ತೆ ಕೂಡುತ್ತಾ ಇದು?" ಎಂದೆ. ಉಸ್ತಾದರು ತಲೆ ಎತ್ತದೆ, "ನೀವು ಹೊಟ್ಟೆ ಕೊಯ್ಯೋವಾಗ ರೋಗಿ ಮನೆಯೋರ್ನ ಏನ್ ಮಾಡ್ತೀರಿ?" ಎಂದು ಕೇಳಿದರು.

"ಹೊರಗೆ ಕಳಿಸ್ತೀನಿ."

"ಹೊರಗೆ ಬೆಂಚಿದೆ, ಕೂತ್ಕೊಳ್ಳಿ."

ಮೂರಡಿ ಉದ್ದದ ಹೊಸ ಉಕ್ಕನ್ನು ನಡುವೆ ಸೇರಿಸಿ, ಒಳಗೂ ಹೊರಗೂ ಪಟ್ಟಿ ಇಟ್ಟು, ರಿವೆಟ್ಟು ಮೊಳೆಗಳನ್ನು ಕೆಂಡದ ಹಾಗೆ ಕಾಯಿಸಿ ಬಡಿದರು. ಮೇಲಿನ ಮೈಗೆ ತೇಗದ ಚೌಕಟ್ಟು. ಅದರ ಮೇಲೆ ತಗಡು. ತಗಡಿಗೆ ಬಾಗು ಕೊಡಲು ಮರಳು ತುಂಬಿದ ತೊಗಲ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ತಟ್ಟುತ್ತಿದ್ದರು. ಒಂದು ಮಡ್‌ಗಾರ್ಡಿಗೆ ಹದಿನಾರು ದಿನ. ಚೌಕಟ್ಟು ಪೂರ್ತಿಯಾದ ಮೇಲೆ ಒಂದು ದಿನ ಗೆಣ್ಣಿನಿಂದ ತಟ್ಟಿ ನೋಡಿ, "ಈ ಮರ ಇನ್ನೂ ಹಸಿ, ಮುಂದಿನ ಬ್ಯಾಸ್ಗೇಲಿ ಕಿರ್ ಅಂತ ಮಾತಾಡ್ತದೆ" ಎಂದು ಎಲ್ಲವನ್ನೂ ಬಿಚ್ಚಿಹಾಕಿದರು. ಆ ಮರದಲ್ಲಿ ಅವರ ಮನೆಯಲ್ಲಿ ಎರಡು ಮಂಚಗಳಾದವು. ಅವುಗಳ ಮೇಲೆ ಕೂತು ನಾನು ಚಹ ಕುಡಿದಿದ್ದೇನೆ. ಅವು ಇವತ್ತಿನವರೆಗೆ ಮಾತಾಡಿಲ್ಲ.

ಗೌಡಗೆರೆಯ ಕಡೆ ಹೋದ ಕತೆಯನ್ನು ನನ್ನ ಹೆಂಡತಿ ಈಗಲೂ ಬಂದವರಿಗೆ ಹೇಳುತ್ತಾಳೆ. ಓಟದ ಕಾರಿನ ಸ್ಪ್ರಿಂಗು ಕಮಾನುಗಳು ಬಿರುಸು, ಮಲಗಿದವರಿಗೆ ಕುಕ್ಕುತ್ತವೆ. ಕಮಾನಿನ ಯಾವ ಪಟ್ಟಿ ತೆಗೆದರೆ ಸರಿಯಾಗುತ್ತದೆ ಎಂದು ಉಸ್ತಾದರಿಗೆ ಗೊತ್ತಾಗಬೇಕಾಗಿತ್ತು. "ನೀವು ಮಲಕ್ಕೊಳ್ಳಿ, ನಾನು ಓಡಿಸ್ತೀನಿ. ಎಲ್ಲಿ ಕುಕ್ತು ಹೇಳಿ. ನಿಮಗೆ ಮೂಳೆ ಹೆಸರೆಲ್ಲ ಗೊತ್ತಲ್ಲ" ಎಂದರು. ಮೈ ಇಲ್ಲದ ಚಾಸಿಯ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ನಾನು, ಬಿಸಿಲಿಗೆ ಮುಖದ ಮೇಲೆ ಒಂದು ಬಿಳಿ ಪಂಚೆ. ಬೀಳದಂತೆ ಹಗ್ಗದಲ್ಲಿ ಕಟ್ಟಿದ್ದರು. ಗೌಡಗೆರೆಯವರೆಗೆ ಹೋಗಿ ಬರುವಷ್ಟರಲ್ಲಿ ನಾಲ್ಕು ಕಡೆ ನಿಲ್ಲಿಸಿ ಪಟ್ಟಿ ತೆಗೆದರು, ಹಾಕಿದರು. ದಾರಿಯಲ್ಲಿ ಕಡಲೆಕಾಯಿ ಹೊಲದ ಜನ ಎದ್ದು ನಿಂತು ನೋಡಿದರಂತೆ, ನನಗೆ ಕಾಣಿಸಲಿಲ್ಲ. ಮಾರನೆಯ ದಿನ ಮಧುಗಿರಿಯಲ್ಲಿ ನಾನು ರೋಗಿಗಳನ್ನು ನೋಡುತ್ತಿದ್ದಾಗ ಒಳಗಿನಿಂದ ಹೆಂಡತಿ ಬಂದಳು. "ಗೌಡಗೆರೆಯಿಂದ ಆರು ಜನ ಬಂದವ್ರೆ. ನೀವು ಹೋಗ್ಬುಟ್ರಿ ಅಂತ ನನ್ನ ಸಮಾಧಾನ ಮಾಡಕ್ಕೆ ಬಂದವ್ರೆ. ನೀವೇ ಬಂದು ಏನಾದ್ರೂ ಹೇಳಿ" ಎಂದಳು. ಉಸ್ತಾದರಿಗೆ ಇದನ್ನು ಹೇಳಿದರೆ ನಗಲಿಲ್ಲ. "ಸೊಂಟಕ್ಕೆ ಕುಕ್ಕಿದ್ದು ಎಡಕ್ಕೋ ಬಲಕ್ಕೋ? ಅವತ್ತು ಸರಿಯಾಗಿ ಹೇಳ್ಲಿಲ್ಲ ನೀವು" ಎಂದರು.

ನಗುವ ಕತೆಗಳೆಲ್ಲ ಇಲ್ಲಿಗೆ ಮುಗಿದವು.

ಕಾರು ಶಿರಾದಲ್ಲಿ ಬಿದ್ದು ಹತ್ತು ತಿಂಗಳಾಗಿತ್ತು. ಪಾವಗಡದ ದಾರಿಯ ಒಂದು ಹಳ್ಳಿಯಿಂದ ಚೊಚ್ಚಲ ಬಸುರಿಯೊಬ್ಬಳನ್ನು ಎತ್ತಿನ ಗಾಡಿಯಲ್ಲಿ ತರುತ್ತಿದ್ದರು. ಸುದ್ದಿ ತಿಳಿದು ನಾನು ಸೈಕಲ್ಲಿನಲ್ಲಿ ಎದುರು ಹೋದೆ. ಮಧುಗಿರಿಯ ಬೆಟ್ಟ ಎದುರಿಗೇ ಕಾಣುವ ಕೆರೆಯ ಏರಿಯ ಮೇಲೆ ಗಾಡಿ ನಿಂತಿತ್ತು. ಎತ್ತುಗಳನ್ನು ಬಿಚ್ಚಿದ್ದರು. ಅವಳ ತಂದೆ ಗಾಡಿಯ ಮೂಕಿ ಹಿಡಿದು ನಿಂತು, "ಇನ್ನೊಂದೀಟು ಬೇಗ ಬಂದಿದ್ರೆ ಆಗ್ತಿತ್ತಾ ಸ್ವಾಮಿ?" ಎಂದು ಕೇಳಿದ. ಆಗುತ್ತಿತ್ತು ಎಂದು ನನಗೆ ಗೊತ್ತಿತ್ತು.

ಅದೇ ಮಧ್ಯಾಹ್ನದ ಬಸ್ಸಿಗೆ ಶಿರಾಕ್ಕೆ ಹೋದೆ. ಕಾರಿನ ಮೈ ಎದ್ದು ನಿಂತಿತ್ತು. ಎಂಜಿನ್ ಓಡುತ್ತಿತ್ತು. ಉಸ್ತಾದರು ಒಂದು ಬಾಗಿಲನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚುವಾಗ ಸದ್ದಾಗಬಾರದೆಂದು ಅದರ ಅಂಚಿಗೆ ಅರ ಹಾಕುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಕೆರೆ ಏರಿಯ ಮೇಲೆ ನಡೆದದ್ದನ್ನು ಹೇಳಿದೆ. "ನಿಮ್ಮ ಬಾಗಿಲು ಸದ್ದು ಮಾಡಬಾರದು ಅಂತ ಅಲ್ಲೊಬ್ಬಳು ಸತ್ತಳು" ಎಂದೆ. ಅದಕ್ಕಿಂತ ಕೆಟ್ಟದ್ದನ್ನೂ ಅಂದೆ. ಇಲ್ಲಿ ಬರೆಯಲಾರೆ. ಅವರು ಅರವನ್ನು ಕೆಳಗಿಟ್ಟರು.

ಮಾರನೆಯ ದಿನ ಹತ್ತು ಗಂಟೆಗೆ ಕಾರು ನನ್ನ ಮನೆಯ ಮುಂದೆ ಬಂದು ನಿಂತಿತು. ಬಣ್ಣವಿಲ್ಲ, ಬಾಗಿಲುಗಳಿಲ್ಲ. ಉಸ್ತಾದರು ಇಳಿದು ಕೀಲಿ ಕೊಟ್ಟು, "ಇದು ಮುಗ್ದಿಲ್ಲ. ಮುಗ್ದಿಲ್ದಿರೋದನ್ನ ಕೊಡ್ತಾ ಇದೀನಿ" ಎಂದು ಹೇಳಿ ಬಸ್ಸು ಹತ್ತಿ ಹೋದರು. ಬಾಗಿಲ ಮಾತು ಆಡುತ್ತಿದ್ದಾರೆಂದು ನಾನು ತಿಳಿದೆ.

ಕಾರು ಚೆನ್ನಾಗಿ ಓಡಿತು. ಮುಂದಿನ ಎರಡು ತಿಂಗಳಲ್ಲಿ ಎಷ್ಟೋ ಜನರನ್ನು ಮಲಗಿಸಿ ತಂದೆ. ಬಸ್ಸಿನ ಡ್ರೈವರುಗಳ ಕೈಯಲ್ಲಿ ಉಸ್ತಾದರಿಂದ ವಾರಕ್ಕೊಂದು ಮಾತು ಬರುತ್ತಿತ್ತು: ಗಾಡಿ ತನ್ನಿ, ಕೂಡಿಸಿದ ಕಡೆ ನೋಡಬೇಕು. ಒಮ್ಮೆ ಅಲ್ಲಿಗೆ ಹೋದರೆ ಮತ್ತೆ ಹತ್ತು ತಿಂಗಳು. ಆ ಬಲೆಗೆ ನಾನು ಬೀಳಲಿಲ್ಲ.

ಒಂದು ಬೆಳಿಗ್ಗೆ ಪಾವಗಡದ ಈಚೆಯ ಹಳ್ಳಿಯಿಂದ ಒಬ್ಬ ರೈತ ಸೈಕಲ್ಲು ತುಳಿದುಕೊಂಡು ಬಂದ. "ದೊರಾ, ಬಿಡ್ಡ ಅಡ್ಡಂ ತಿರಿಗಿಂದಂಟ" ಎಂದು ತೆಲುಗಿನಲ್ಲಿ ಹೇಳಿದ. ಹೆಂಡತಿಯ ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿದೆಯೆಂದು ಸೂಲಗಿತ್ತಿ ಹೇಳಿದ್ದಾಳೆ. ಕ್ಲೋರೋಫಾರಂ ಕೊಡಲು ಇನ್ನೊಂದು ಕೈ ಬೇಕು, ಮೇಜು ಬೇಕು. ಅವಳನ್ನು ಮಧುಗಿರಿಯ ಆಸ್ಪತ್ರೆಗೇ ತರಬೇಕಾಗಿತ್ತು. ಚೀಲ ಹಿಡಿದು ಹೊರಗೆ ಬಂದರೆ ಕಾರಿನ ಕೆಳಗಿನಿಂದ ಎರಡು ಕಾಲುಗಳು ಕಾಣಿಸಿದವು. ಉಸ್ತಾದರು ಬೆಳಗಿನ ಬಸ್ಸಿಗೆ ಬಂದು, ನನ್ನನ್ನು ಕೇಳದೆ ಮಲಗಿಬಿಟ್ಟಿದ್ದರು.

"ಏಳಿ ಉಸ್ತಾದ್ರೆ, ಅಲ್ಲೊಬ್ಬಳು ಸಾಯ್ತಾ ಇದಾಳೆ."

"ಅದಕ್ಕೇ ನೋಡ್ತಿರೋದು. ಇವತ್ತು ಇದನ್ನ ತಗೊಂಡು ಹೋಗ್ಬ್ಯಾಡಿ."

"ಇನ್ನು ಯಾವುದನ್ನ ತಗೊಂಡು ಹೋಗಲಿ?"

ಉಸ್ತಾದರು ಕಾರಿನಡಿಯಿಂದ ಹೊರಬಂದು, ಮೈ ಕೊಡವಿಕೊಂಡು, ಹತ್ಯಾರಗಳ ಗೋಣಿಚೀಲವನ್ನು ಹಿಂದೆ ಎಸೆದು ಕೂತರು. ಜಗಳ ಮಾಡಲು ನನಗೂ ಹೊತ್ತಿರಲಿಲ್ಲ.

ಹೋಗುವಾಗ ಏನೂ ಆಗಲಿಲ್ಲ. ಅದನ್ನು ಎರಡು ಸಲ ಅವರಿಗೆ ಎತ್ತಿ ಹೇಳಿದೆ. ಬರುವಾಗ ಹಿಂದೆ ಮಲಗುವ ಹಲಗೆಯ ಮೇಲೆ ಆ ಹೆಂಗಸು, ಪಕ್ಕದಲ್ಲಿ ಅವಳ ಅತ್ತೆ, ಫುಟ್‌ಬೋರ್ಡಿನ ಮೇಲೆ ಗಂಡ, ಮುಂದೆ ನಾನು ಮತ್ತು ಉಸ್ತಾದರು. ಮರಳಿನ ಹಳ್ಳವೊಂದನ್ನು ದಾಟಿ ದಡ ಹತ್ತಿದೆವು. ಉಸ್ತಾದರು ನನ್ನ ತೋಳು ಹಿಡಿದು, "ನಿಲ್ಸಿ" ಎಂದರು.

ನನಗೆ ಏನೂ ಕೇಳಿಸಿರಲಿಲ್ಲ. ಅವರು ಕೆಳಗೆ ನುಸುಳಿ ನನ್ನನ್ನೂ ಕರೆದರು. ಎಡಗಡೆಯ ದೂಲದಲ್ಲಿ, ಹೊಸ ಉಕ್ಕು ಹಳೆಯದಕ್ಕೆ ಕೂಡುವ ಕಡೆ, ಕೆಳ ಅಂಚಿನಿಂದ ಒಂದು ಬಿರುಕು ಮೇಲಕ್ಕೆ ಹೊರಟಿತ್ತು. ಅವರ ಬೆರಳು ಅದರ ತುದಿಯನ್ನು ಮುಟ್ಟಿಕೊಂಡೇ ಇತ್ತು. ಇನ್ನೆರಡು ಹಳ್ಳಗಳು ಮುಂದಿದ್ದವು.

"ಆಯಮ್ಮ ಎಷ್ಟು ಹೊತ್ತು ತಡೀತಾಳೆ?"

"ಎರಡು ಗಂಟೆ. ಅದಕ್ಕಿಂತ ಜಾಸ್ತಿ ಇಲ್ಲ."

"ನನಗೆ ಕಾಲು ಗಂಟೆ ಕೊಡಿ."

ನಿಮ್ಮ ಕಾಲು ಗಂಟೆ ನನಗೆ ಗೊತ್ತು ಎಂದುಬಿಟ್ಟೆ. ಅವರು ನನ್ನ ಜೇಬಿನಿಂದ ಗಡಿಯಾರವನ್ನು ತಾವೇ ತೆಗೆದು, ನನಗೆ ಕಾಣುವಂತೆ ಬಾನೆಟ್ಟಿನ ಮೇಲಿಟ್ಟರು. ಆಮೇಲೆ ತಾವು ವಾರಗಟ್ಟಲೆ ಉಜ್ಜಿ ನಯ ಮಾಡಿದ್ದ ಪಕ್ಕದ ತೇಗದ ತೊಲೆಯನ್ನು ಎರಡೇ ಏಟಿಗೆ ಕಿತ್ತರು. ಅವರು ಅದರ ಕಡೆ ನೋಡಲೂ ಇಲ್ಲ. ಅದನ್ನು ಒಡೆದ ದೂಲಕ್ಕೆ ಒತ್ತಿ ಹಿಡಿಯಲು ಗಂಡನಿಗೆ ಹೇಳಿ, ಸರಪಳಿ ಸುತ್ತಿ, ಸರಪಳಿಗೂ ಮರಕ್ಕೂ ನಡುವೆ ಬೆಣೆಗಳನ್ನು ಬಡಿದು ಬಿಗಿ ಮಾಡಿದರು. ಮೇಲೆ ಆ ಹೆಂಗಸು ನರಳಿದಾಗಲೆಲ್ಲ ಅವರ ಸುತ್ತಿಗೆ ಒಂದು ಗಳಿಗೆ ನಿಂತು ಮತ್ತೆ ಏಳುತ್ತಿತ್ತು. ಹೊರಗೆ ಬಂದಾಗ ಕಾಲು ಗಂಟೆಗೆ ಇನ್ನೂ ಒಂದು ನಿಮಿಷವಿತ್ತು. ನಾನು ಕಂಡಂತೆ ಹೇಳಿದ ಹೊತ್ತಿಗೆ ಅವರು ಮುಗಿಸಿದ ಕೆಲಸ ಅದೊಂದೇ.

ಅವರು ಮತ್ತೆ ಕಾರು ಹತ್ತಲಿಲ್ಲ. ತಾವು ಕೂತರೆ ಭಾರ ಎಂದು, ಕೆಟ್ಟ ದಾರಿ ಇದ್ದಷ್ಟೂ ದೂರ ಮಡ್‌ಗಾರ್ಡಿನ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲಿ ಓಡುನಡಿಗೆಯಲ್ಲಿ ಬಂದರು. ಅರವತ್ತರ ಹತ್ತಿರದ ಮನುಷ್ಯ. ಹತ್ತಿ ಎಂದು ಎರಡು ಸಲ ಗದರಿದೆ. ಕೇಳಿಸದವರಂತೆ, "ಬಲಕ್ಕೆ ತಗೊಳ್ಳಿ, ಬಲಕ್ಕೆ" ಎನ್ನುತ್ತಿದ್ದರು. ಒಳ್ಳೆಯ ರಸ್ತೆ ಬಂದ ಮೇಲೆ, "ಈಗ ಹೋಗಿ, ನಾನು ಬರ್ತೀನಿ" ಎಂದು ನಿಂತುಬಿಟ್ಟರು.

ಸಂಜೆ ನಾನು ಆಸ್ಪತ್ರೆಯ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಾಗ ಅವರು ಜಗಲಿಯ ಮೇಲೆ, ಮೊಣಕಾಲವರೆಗೆ ಕೆಂಪು ಧೂಳಾಗಿ ಕೂತಿದ್ದರು.

"ಇಬ್ರೂ?" ಎಂದರು.

"ಇಬ್ರೂ. ಹೆಣ್ಣು ಮಗು."

ಎರಡು ಕೈಗಳಿಂದ ಮುಖ ಸವರಿಕೊಂಡರು. ಆಮೇಲೆ ಹೇಳಿದರು. "ಆ ಬಿರುಕು ಬಿಟ್ಟ ಜಾಗ್ದಲ್ಲಿ ಇನ್ನೊಂದು ಸಾಲು ರಿವೆಟ್ ಬಾಕಿ ಇತ್ತು. ಅವತ್ತು ನೀವು ಬಂದು ಅಂದ್ರಲ್ಲ, ನಾನು ಬೋಲ್ಟ್ ಬಿಗಿದು ಕೊಟ್ಟೆ. ಬೋಲ್ಟು ಸಡ್ಲ ಆಯ್ತು."

"ಹೇಳ್ಬೇಕಾಗಿತ್ತು ನೀವು."

"ಮುಗ್ದಿಲ್ಲ ಅಂತ ಹೇಳಿದ್ನಲ್ಲ."

ಇಂಥ ಮನುಷ್ಯನನ್ನು ಏನು ಮಾಡುವುದು. ಅವರು ನನ್ನ ಕಡೆ ತಿರುಗಿದರು. ಸಿಟ್ಟಿಲ್ಲ, ಚುಚ್ಚುವ ದನಿಯಿಲ್ಲ. ತಿಳಿಯದೆ ಕೇಳುವವರ ಹಾಗೆ ಕೇಳಿದರು. "ನಿಧಾನ ಮಾಡ್ದೆ, ಒಬ್ಳು ಹೋದ್ಲು. ಅವಸರ ಮಾಡ್ದೆ, ಇವತ್ತು ಇನ್ನೊಬ್ಳು ಹೋಗ್ತಿದ್ಲು. ಹೆಂಗ್ ಮಾಡ್ಬೇಕಿತ್ತು ಹೇಳಿ ಡಾಕ್ಟರ್ ಸಾಬ್. ಓದ್ದೋರು ನೀವು."

ನಾನು ಅವರ ಪಕ್ಕದಲ್ಲಿ ಕೂತೆ. ಹೇಗೆ ಮಾಡಬೇಕಿತ್ತೆಂದು ಈಗಲೂ ನನಗೆ ಗೊತ್ತಿಲ್ಲ. ಕೆರೆ ಏರಿಯ ಮೇಲಿನ ಸಾವನ್ನು ಅವರ ಬಾಗಿಲಿಗೆ ಕಟ್ಟಿದವನು ನಾನು. ಆ ಮಾತನ್ನು ವಾಪಸು ತೆಗೆದುಕೊಳ್ಳುವ ಹೊತ್ತು ಅದೇ ಆಗಿತ್ತು. ತೆಗೆದುಕೊಳ್ಳಲಿಲ್ಲ. "ಮೊದಲು ಊಟ ಮಾಡಿ, ಬನ್ನಿ" ಎಂದಷ್ಟೇ ಅಂದೆ.

ಎರಡು ದಿನ ಬಿಟ್ಟು, ಸರಪಳಿ ಕಟ್ಟಿದ್ದ ಕಾರನ್ನು ಬಡವನಹಳ್ಳಿಯ ಮೇಲೆ ಹಾಯಿಸಿ ಮೆಲ್ಲಗೆ ಶಿರಾಕ್ಕೆ ತೆಗೆದುಕೊಂಡು ಹೋದೆ. ಉಸ್ತಾದರು ಆಗಲೇ ಕುಲುಮೆ ಹೊತ್ತಿಸಿ ಕಾಯುತ್ತಿದ್ದರು. ಕೀಲಿ ಕೊಟ್ಟೆ. ಅವರು ನನ್ನ ಮುಖ ನೋಡದೆ, "ಎಂಟು ದಿನ" ಎಂದರು.

"ಹದಿನೈದು ತಗೊಳ್ಳಿ" ಎಂದೆ.

ಉಸ್ತಾದರು ತಲೆ ಎತ್ತಿದರು. ಕಾರನ್ನು ನೋಡಿದರು, ನನ್ನನ್ನು ನೋಡಿದರು. ಗಡ್ಡ ಸವರಿಕೊಂಡರು.

"ಹದಿನೈದರಲ್ಲಿ ಆಗಲ್ಲ ಡಾಕ್ಟರ್ ಸಾಬ್" ಎಂದರು. "ನಿಮಗೆ ಯಾಕೆ ಸುಳ್ಳು ಹೇಳ್ಲಿ."

ನಾನು ಕೀಲಿ ವಾಪಸು ಕೇಳದೆ ಬಸ್ ಸ್ಟ್ಯಾಂಡಿನ ಕಡೆ ನಡೆದೆ.